ಪಿರಿಯಾಪಟ್ಟಣದ ಟಿಬೆಟ್ಟು

1959ರ ಮಾರ್ಚಿನಲ್ಲಿ ದಲೈಲಾಮಾ ಅವರು ಲ್ಹಾಸಾವನ್ನು ತ್ಯಜಿಸಿದ ತರುವಾಯ ಹಿಮಾಲಯವನ್ನು ದಾಟಿ ಬಂದ ಸಹಸ್ರಾರು ಟಿಬೆಟನ್ನರಲ್ಲಿ ಒಂದು ಪಾಲಿನವರು, ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಬಳಿ ಮೈಸೂರು ರಾಜ್ಯವು ಕೊಡಮಾಡಿದ ಸುಮಾರು 3,000 ಎಕರೆ ಭೂಮಿಯಲ್ಲಿ, ಕಾಡು ಕಡಿದು, ಆನೆಗಳ ಉಪಟಳವನ್ನೂ ಅಪರಿಚಿತವಾದ ಧಗೆಯನ್ನೂ ಸಹಿಸಿ, ಮುಸುಕಿನ ಜೋಳ ಬೆಳೆದು ನೆಲೆ ನಿಂತರು. ಹುಣಸೂರು ತಾಲ್ಲೂಕಿನ ಗುರುಪುರದ ವಸತಿ 1970ರ ದಶಕದ್ದು.

ಇಲ್ಲೊಂದು ವೈಚಿತ್ರ್ಯವುಂಟು. ಸಮತೆಯ ಹೆಸರಿನಲ್ಲಿ ಮಠ, ಹೊಲ, ಹಿಂಡುಗಳನ್ನೆಲ್ಲ ಪ್ರಭುತ್ವದ ವಶಕ್ಕೆ ತೆಗೆದುಕೊಂಡ ಚೀನಾದ ಆಳ್ವಿಕೆಯಿಂದ ಪಲಾಯನಗೈದು ಬಂದ ಜನರೇ, ಇಲ್ಲಿ ಭೂಮಿಯನ್ನು ಕುಟುಂಬದ ತಲೆಯೆಣಿಕೆಗೆ ತಕ್ಕಂತೆ ಹಂಚಿಕೊಂಡು, ಟ್ರ್ಯಾಕ್ಟರು, ಗೊಬ್ಬರ, ಮಾರಾಟಗಳನ್ನು ಸಹಕಾರ ಸಂಘಕ್ಕೆ ಒಪ್ಪಿಸಿದರು. ಹಳೆಯ ಟಿಬೆಟ್ಟು ಸಮಾನತೆಯ ನಾಡಾಗಿರಲಿಲ್ಲವೆಂಬುದನ್ನು ಮರೆಯಲಾಗದು. ಆದರೆ ಬಲಾತ್ಕಾರದಿಂದ ಹೇರಿದ ಸಮತೆಗೂ ಸ್ವೇಚ್ಛೆಯಿಂದ ಒಪ್ಪಿದ ಸಹಕಾರಕ್ಕೂ ಇರುವ ಅಂತರವನ್ನು ಆ ಹಿರಿಯರಿಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ವಿರಳ.

ಅವರನ್ನು ನಾವು ಅತಿಥಿಗಳೆಂದೇ ಕರೆಯುತ್ತ ಬಂದಿದ್ದೇವೆ. ಚಿನ್ನದ ಬಣ್ಣದ ದೇಗುಲವನ್ನು ನೋಡಿ, ಮೊಮೊ ತಿಂದು, ಮಡಿಕೇರಿಯ ಹಾದಿ ಹಿಡಿಯುತ್ತೇವೆ. ಹೊಲ ಸಾಲದ ಮನೆಗಳ ಮಕ್ಕಳು ಚಳಿಗಾಲದಲ್ಲಿ ಊರೂರು ಅಲೆದು ಸ್ವೆಟರು ಮಾರುವುದು ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರೆಂಬ ಕಾನೂನು ಟಿಬೆಟನ್ನರಿಗೂ ಅನ್ವಯಿಸುವುದೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಹೇಳಿತು. ಆದಾಗ್ಯೂ, ಇಲ್ಲಿಯೇ ಹುಟ್ಟಿದ ಅನೇಕರ ಕೈಯಲ್ಲಿರುವುದು ಇಂದಿಗೂ ವಿದೇಶೀಯರ ನೋಂದಣಿ ಪತ್ರವೇ.