ಗಾಂಧಾರದ ಎಳೆ

ತಂಬೂರಿಯ ಮಂದ್ರದ ತಂತಿಯನ್ನು ಒಮ್ಮೆ ಮೀಟಿ, ಆ ಒಂದೇ ನಾದವನ್ನು ಕಂಪ್ಯೂಟರಿನಲ್ಲಿ ಎಳೆ ಎಳೆಯಾಗಿ ಬಿಡಿಸುತ್ತ ಕೂರುವುದೆಂದರೆ ನನಗೆ ಪ್ರಾಣ. ಸಂಜೆ ಕೂತರೆ ಊಟದ ಹೊತ್ತು ಮೀರಿದ್ದೂ ತಿಳಿಯುವುದಿಲ್ಲ.

ಎಂಥ ಸದ್ದನ್ನೂ ಸೈನ್ ಅಲೆಗಳ ಮೊತ್ತವಾಗಿ ಬರೆಯುವ ದಾರಿ ತೋರಿಸಿದವನು ಫೂರಿಯೇ. ಆದರೆ ಮೀಟಿದ ತಂತಿಯ ನಾದ ಕ್ಷಣಕ್ಷಣಕ್ಕೂ ಬದಲಾಗುತ್ತದಲ್ಲ! ಅದಕ್ಕೇ ಅದನ್ನು ಸಣ್ಣ ಸಣ್ಣ ತುಣುಕುಗಳಾಗಿ ನೋಡಬೇಕು. ಪ್ರತಿ ತುಣುಕಿನ ರೋಹಿತದಲ್ಲಿ ಎದ್ದು ಕಾಣುವ ಶಿಖರಗಳನ್ನು ಗುರುತಿಸಿ, ಒಂದೊಂದನ್ನೂ ಮುಂದಿನ ತುಣುಕಿನಲ್ಲಿ ಅದರ ಹತ್ತಿರದ ಶಿಖರಕ್ಕೆ ಜೋಡಿಸುತ್ತ ಹೋದರೆ, ಪ್ರತಿ ಸೈನ್ ಅಲೆಯೂ ಹುಟ್ಟಿ, ಏರಿ, ಇಳಿದು, ಅಡಗುವ ಗೆರೆಯಾಗಿ ಪರದೆಯ ಮೇಲೆ ಮೂಡುತ್ತದೆ. 1986ರಲ್ಲಿ ಎಂಐಟಿಯ ಲಿಂಕನ್ ಪ್ರಯೋಗಾಲಯದ ಮೆಕಾಲೆ ಮತ್ತು ಕ್ವಾಟಿಯೇರಿ ಮಾತಿನ ಧ್ವನಿಗಾಗಿ ಇದನ್ನು ಪ್ರಕಟಿಸಿದರು. ನನಗೆ ಅದು ತಂಬೂರಿಗೆಂದೇ ಹುಟ್ಟಿದಂತೆ ಕಾಣುತ್ತದೆ.

ತುಣುಕು ಎಷ್ಟುದ್ದ ಇರಬೇಕು ಎಂಬುದರಲ್ಲೇ ಕೈಗುಣವೆಲ್ಲ ಇದೆ. ಒಂದು ಮನೆ ಶ್ರುತಿಗೆ ಕೂಡಿಸಿದ ಗಂಡಸರ ತಂಬೂರಿಯಲ್ಲಿ ಮಂದ್ರ ಷಡ್ಜ ಸುಮಾರು 65.4 ಹರ್ಟ್ಸ್, ಅದರ ಉಪಸ್ವರಗಳೂ ಅಷ್ಟಷ್ಟೇ ಅಂತರದಲ್ಲಿ ಸಾಲಾಗಿ ನಿಲ್ಲುತ್ತವೆ. ಸೆಕೆಂಡಿಗೆ 44,100 ಮಾದರಿಗಳ ಮುದ್ರಣದಲ್ಲಿ 4,096 ಮಾದರಿಗಳ ತುಣುಕೆಂದರೆ ಸುಮಾರು 93 ಮಿಲಿಸೆಕೆಂಡು. ತುಣುಕಿನ ಅಂಚುಗಳನ್ನು ನಯವಾಗಿ ಇಳಿಸುವ ಬ್ಲ್ಯಾಕ್‌ಮನ್ ವಿಂಡೋ ಹಾಕಿದರೆ ಒಂದೊಂದು ಶಿಖರದ ಬುಡ 64.6 ಹರ್ಟ್ಸ್ ಅಗಲವಾಗುತ್ತದೆ. ಕೂದಲೆಳೆಯ ಅಂತರದಲ್ಲಿ ಪಕ್ಕದ ಶಿಖರಕ್ಕೆ ತಾಗದೆ ಉಳಿಯುತ್ತದೆ! ತುಣುಕನ್ನು ಅರ್ಧ ಮಾಡಿದರೆ ಶಿಖರಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಎರಡರಷ್ಟು ಮಾಡಿದರೆ ಮೀಟಿನ ಚುರುಕು ಕಲಸಿಹೋಗುತ್ತದೆ.

ತಂಬೂರಿಯ ಗೆರೆಗಳು ಬೇರೆ ತಂತಿವಾದ್ಯಗಳ ಗೆರೆಗಳಂತಲ್ಲ. ಮೀಟಿದ ಕೂಡಲೇ ಎಲ್ಲವೂ ಒಟ್ಟಿಗೆ ಕುಗ್ಗುವುದಿಲ್ಲ. ಕೆಲವು ತಡವಾಗಿ ಏಳುತ್ತವೆ, ಒಂದು ಇಳಿಯುವಾಗ ಇನ್ನೊಂದು ಏರುತ್ತದೆ. ಕುದುರೆಯ ಬಾಗಿದ ಮೈಯೂ ತಂತಿಯಡಿಯ ಜೀವಾಳದ ದಾರವೂ ಸೇರಿ ಮಾಡುವ ಕೆಲಸ ಇದು. ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, 1921ರಲ್ಲೇ, ಇದರ ಬಗ್ಗೆ ಬರೆದರು. ಒಂದು ಉಪಸ್ವರಕ್ಕೆ ತಂತಿಯ ಮೇಲೆ ಅಲುಗದ ಬಿಂದು ಎಲ್ಲಿದೆಯೋ ಅಲ್ಲೇ ಮೀಟಿದರೆ ಆ ಉಪಸ್ವರ ಹೊಮ್ಮಬಾರದು ಎಂಬುದು ನಿಯಮ; ತಂಬೂರಿಯಲ್ಲಿ ಅದೂ ಸ್ಪಷ್ಟವಾಗಿ ಕೇಳುತ್ತದೆ ಎಂದು ಅವರು ತೋರಿಸಿದರು.

ಸ್ವಯಂಭೂ ಗಾಂಧಾರ ಎಂದು ಹಾಡುವವರು ಹೇಳುವುದು ಮುಖ್ಯವಾಗಿ ಐದನೆಯ ಉಪಸ್ವರವನ್ನು: 327 ಹರ್ಟ್ಸ್. ಒಂದು ಸಂಜೆ ಆ ಗೆರೆಯನ್ನೂ, ಅದರ ಮೇಲಿನ ಸ್ಥಾಯಿಗಳಾದ ಹತ್ತು ಮತ್ತು ಇಪ್ಪತ್ತನೆಯ ಗೆರೆಗಳನ್ನೂ ತೆಗೆದು, ಮಿಕ್ಕದ್ದನ್ನು ಕೂಡಿಸಿ ನುಡಿಸಿದೆ. ಒಳಗಿದ್ದ ಅಕ್ಕ, "ಏನೋ ಇದು, ತಂಬೂರಿ ಬೋಳಾಗಿದೆಯಲ್ಲೋ, ಗಾಂಧಾರ ಎಲ್ಲಿ ಹೋಯ್ತು?" ಎಂದಳು. ಪರದೆಯನ್ನು ಅವಳು ನೋಡಿಯೇ ಇರಲಿಲ್ಲ. ಗೆರೆಗಳನ್ನು ಮರಳಿ ಸೇರಿಸಿ ಕೇಳಿಸಿದಾಗ ಅವಳು ಅಲ್ಲೇ ಕೂತು ಷಡ್ಜ ಹಿಡಿದಳು.

ಎಲ್ಲ ಸೈನ್ ಅಲೆಗಳನ್ನೂ ಮೂಲದಿಂದ ಕಳೆದ ಮೇಲೆ ಒಂದಿಷ್ಟು ಉಳಿಯುತ್ತದೆ. ಆ ಶೇಷವನ್ನು ಸೋಸಿದ ಗದ್ದಲವೆಂದು ಬಗೆದು ಬೇರೆಯಾಗಿಯೇ ಮರುಸೃಷ್ಟಿಸುವ ಕ್ರಮವನ್ನು ಶಾವಿಯೇರ್ ಸೆರ್ರಾ 1989ರಲ್ಲಿ ಸ್ಟ್ಯಾನ್‌ಫರ್ಡಿನ ಪ್ರಬಂಧದಲ್ಲಿ ಮಂಡಿಸಿದರು. ಮುಂದೆ ಬಾರ್ಸಿಲೋನಾದಲ್ಲಿ ಅವರ ತಂಡ ಕರ್ನಾಟಕ ಸಂಗೀತವನ್ನೂ ಅಧ್ಯಯನಕ್ಕೆ ಎತ್ತಿಕೊಂಡಿತು. ನಾನು ಬಳಸುವುದು ಅವರು ಮುಕ್ತವಾಗಿ ಕೊಟ್ಟಿರುವ ತಂತ್ರಾಂಶವನ್ನೇ. ಶೇಷವನ್ನಷ್ಟೇ ಕೇಳಿದರೆ ತಂತಿಗೆ ಬೆರಳು ತಾಗುವ, ಜಾರಿ ಬಿಡುವ ಸದ್ದು. ಅದಿಲ್ಲದ ತಂಬೂರಿಯಲ್ಲಿ ಸ್ವರವೆಲ್ಲ ಸರಿಯಿರುತ್ತದೆ, ಮೀಟಿದ ಕೈ ಮಾತ್ರ ಇರುವುದಿಲ್ಲ. ಆ ಚೂರು ಸದ್ದನ್ನು ಗದ್ದಲವೆಂದು ಎಸೆಯಲು ನನಗೆ ಮನಸ್ಸು ಬಾರದು.

ಈಗ ಹಿಡಿದಿರುವ ಕೆಲಸವೆಂದರೆ ಜೀವಾಳದ ದಾರವನ್ನು ಒಂದಿಷ್ಟೇ ಸರಿಸುತ್ತ, ಪ್ರತಿ ಸಲವೂ ಮುದ್ರಿಸಿ, ಯಾವ ಗೆರೆ ಎಷ್ಟು ಮೇಲೆದ್ದಿತು ಎಂದು ಹೋಲಿಸುವುದು. ಮಂದ್ರ ಮುಗಿದರೆ ಅದರ ಮೇಲಿನ ಸ್ಥಾಯಿಯ ಸಾರಣಿ ತಂತಿ. ಅದರ ಷಡ್ಜ 130.8 ಹರ್ಟ್ಸ್, ಹಾಗಾಗಿ 2,048ರ ತುಣುಕೇ ಸಾಕು. ಮೀಟಿನ ಮೊದಲ ಕ್ಷಣ ಇನ್ನೂ ನಿಚ್ಚಳವಾಗಿ ಕಾಣುತ್ತದೆ.