ಬಣ್ಣ ಹಚ್ಚಲು ಕಲಿತ ರಾತ್ರಿ

ನಮ್ಮ ಜಮಖಂಡಿ-ಮುಧೋಳ ಸೀಮೆಯಲ್ಲಿ ‘ಬಣ್ಣ ಹಚ್ಚುವುದು’ ಎಂದರೆ ನಾಟಕದಲ್ಲಿ ಪಾತ್ರ ಮಾಡುವುದು ಎಂದೇ ಅರ್ಥ. ಶ್ರೀಕೃಷ್ಣ ಪಾರಿಜಾತವನ್ನು ರಾತ್ರಿಯಿಡೀ ಕುಳಿತು ನೋಡಿದ ಊರುಗಳಿವು. ಹಿಂದಿ ಚಿತ್ರರಂಗದಲ್ಲಿ ಹಾಡಿ ಹೆಸರಾದ ಅಮೀರಬಾಯಿ ಕರ್ನಾಟಕಿ ಹುಟ್ಟಿದ ಬೀಳಗಿಯೂ ಇಲ್ಲಿಯೇ ಇದೆ. ಇಂಥ ನೆಲದಲ್ಲಿ ಬೆಳೆದರೂ ಮೂವತ್ತರ ಹತ್ತಿರ ಬರುವವರೆಗೆ ನಾನು ಯಾರ ಮುಖಕ್ಕೂ ಬಣ್ಣ ಹಚ್ಚಿದವನಲ್ಲ.

1988ರಲ್ಲಿ ಬನಹಟ್ಟಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ಗ್ಯಾದರಿಂಗಿಗೆಂದು ಮಕ್ಕಳು ಪಾರಿಜಾತದ ಒಂದು ಪ್ರಸಂಗವನ್ನು ಕಲಿತಿದ್ದರು. ಬಣ್ಣದವರು ಬರಲಿಲ್ಲ. “ಸೈನ್ಸ್ ಮಾಸ್ತರರಿಗೆ ಬಣ್ಣಾ ಕಲಸಾಕ ಬರೂದಿಲ್ಲೇನ್ರಿ?” ಎಂದು ಮುಖ್ಯೋಪಾಧ್ಯಾಯರು ನಕ್ಕು, ಡಬ್ಬಿಯನ್ನು ನನ್ನ ಕೈಗಿತ್ತರು.

ಸತ್ಯಭಾಮೆಯಾಗಿದ್ದವಳು ಒಂಬತ್ತನೆಯ ತರಗತಿಯ ಕಪ್ಪು ಬಣ್ಣದ ಹುಡುಗಿ. ರಾಣಿಯೆಂದರೆ ಬೆಳ್ಳಗಿರಬೇಕೆಂದು ನಾನು ಯೋಚಿಸದೆಯೇ ನಂಬಿದ್ದೆ. ಒಣ ಮುಖಕ್ಕೇ ಬಿಳಿಯ ಜಿಂಕ್ ಆಕ್ಸೈಡನ್ನು ನೀರಿನಲ್ಲಿ ಕಲಸಿ ಬಳಿದೆ. ಅದು ಒಣಗಿ ಬಿರುಕು ಬಿಟ್ಟಿತು. ಕುತ್ತಿಗೆ, ಕಿವಿಗಳು ಮಾತ್ರ ಇದ್ದಂತೆಯೇ ಇದ್ದವು. ಕನ್ನಡಿ ನೋಡಿದವಳು ಮೆಲ್ಲಗೆ, “ಸರ್, ಇದು ನನ್ನ ಮಾರಿ ಅಲ್ಲರಿ” ಎಂದಳು. ಕಣ್ಣಲ್ಲಿ ನೀರಿತ್ತು.

ಮೊಮ್ಮಗನ ಪಾತ್ರ ನೋಡಲು ಬಂದಿದ್ದ ಮುಧೋಳದ ಕಡೆಯ ಹಿರಿಯ ಪಾರಿಜಾತ ಕಲಾವಿದರೊಬ್ಬರು ಒಳಗೆ ಇಣುಕಿದರು. “ಮಾಸ್ತರ, ಗ್ವಾಡಿಗೆ ಸುಣ್ಣಾ ಹೊಡದೀರೇನ?”

ಅವರು ಕೊಬ್ಬರಿ ಎಣ್ಣೆಯಿಂದ ಎಲ್ಲವನ್ನೂ ಒರೆಸಿ ತೆಗೆದರು. ಮುಖ ತೊಳೆಸಿ, ಮತ್ತೆ ತೆಳುವಾಗಿ ಎಣ್ಣೆ ಸವರಿದರು. ಬಿಳಿಗೆ ಹಳದಿಯನ್ನೂ ಕೆಂಪನ್ನೂ ಅಂಗೈಯಲ್ಲಿ ಬೆರೆಸುತ್ತ, ಅವಳ ಕೆನ್ನೆಯ ಪಕ್ಕದಲ್ಲಿ ಹಿಡಿದು ಹೊಂದುವವರೆಗೂ ತಿದ್ದಿದರು. ಹಣೆ, ಮೂಗು, ಕೆನ್ನೆ, ಗದ್ದಗಳ ಮೇಲೆ ಚುಕ್ಕೆಯಿಟ್ಟು, ಒದ್ದೆ ಬೆರಳಿನಿಂದ ಕಿವಿ, ಕುತ್ತಿಗೆಯವರೆಗೆ ಎಳೆದರು. ಮೇಲೆ ಪೌಡರನ್ನು ತಿಕ್ಕದೆ ತಟ್ಟಿದರು. “ನಗವ್ವಾ” ಎಂದು, ಉಬ್ಬಿದ ಕೆನ್ನೆಗಷ್ಟೇ ಕೆಂಪು ಹಚ್ಚಿದರು. ಮೇಲೆ ನೋಡಲು ಹೇಳಿ ಕಾಡಿಗೆ ತೀಡಿದರು. ಆಮೇಲೆ ನನ್ನನ್ನು ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ, ದೀಪದಡಿ ಅವಳನ್ನು ತೋರಿಸಿದರು. ಅದೇ ಹುಡುಗಿ, ಅದೇ ಬಣ್ಣ. ಆದರೆ ಅಷ್ಟು ದೂರದಿಂದಲೂ ಕಣ್ಣು ಹುಬ್ಬು ಮಾತಾಡುತ್ತಿದ್ದವು.

ತಮ್ಮ ಹಿಂದಿನವರು ಅರದಾಳ, ಇಂಗಳೀಕ ಹಚ್ಚುತ್ತಿದ್ದರೆಂದು ಅವರು ಹೆಮ್ಮೆಯಿಂದ ಹೇಳಿದಾಗ ನಾನು ಬೆಚ್ಚಿದೆ. ಒಂದು ಆರ್ಸೆನಿಕ್ಕಿನ ಸಂಯುಕ್ತ, ಇನ್ನೊಂದು ಪಾದರಸದ್ದು! ಆ ರಾತ್ರಿ ನನ್ನ ರಸಾಯನಶಾಸ್ತ್ರ ಉಪಯೋಗಕ್ಕೆ ಬಂದದ್ದು ಅಷ್ಟೇ. ಉಳಿದ ಆರು ಮಕ್ಕಳಿಗೆ ಅವರ ಕಣ್ಣೆದುರು ನಾನೇ ಹಚ್ಚಿದೆ. ನಾರದನ ಹುಬ್ಬು ಮಾತ್ರ ಸೊಟ್ಟಗಾಯಿತು.

ಆಟ ಚೆನ್ನಾಗಿ ನಡೆಯಿತು. ಮರುದಿನ ತರಗತಿಯಲ್ಲಿ ಆ ಹುಡುಗಿಯ ಕಿವಿಯ ಹಿಂದೆ ನಾನು ಮೊದಲು ಬಳಿದ ಬಿಳಿ ಒಂದಿಷ್ಟು ಉಳಿದಿತ್ತು. ನೋಡಿಯೂ ಸುಮ್ಮನೆ ಪಾಠ ಮುಂದುವರಿಸಿದೆ. ತಪ್ಪಾಯಿತೆಂದು ಹೇಳುವ ಧೈರ್ಯ ಆ ವಯಸ್ಸಿನ ಮಾಸ್ತರನಿಗೆ ಇರಲಿಲ್ಲ. ಅವಳು ಇದನ್ನು ಓದುತ್ತಿದ್ದರೆ, ತಡವಾಗಿಯಾದರೂ ಹೇಳುತ್ತಿದ್ದೇನೆ, ತಪ್ಪಾಯಿತು ತಂಗಿ.