ಮೊಣಕಾಲುದ್ದ ನೀರಿನ ದೋಣಿ

ಜೆ.ಪಿ. ನಗರದಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವವರ ಪಾಡು ನನಗೆ ಹೊಸದಲ್ಲ. ದೋಣಿ ನಿಲ್ಲಿಸುವವರಿಗೂ ಅದೇ ಪಾಡು ಎಂದು ತಿಳಿಸಿಕೊಟ್ಟವನು ಅಕ್ಕನ ಮಗ. ಅಮೆರಿಕದ ಮಿನ್ನೆಸೋಟದಲ್ಲಿ ಕೆರೆಯಂಚಿಗೆ ಮನೆ ಮಾಡಿ, ಹಳೆಯದೊಂದು ಸ್ಕೀ ದೋಣಿ ಕೊಂಡಿದ್ದಾನೆ. "ಮಾಮ, ದಡದ ಹತ್ತಿರ ಮೊಣಕಾಲುದ್ದ ನೀರು ಅಷ್ಟೇ. ಇದನ್ನ ಎಲ್ಲಿ ಕಟ್ಟಲಿ?" ಎಂದು ಫೋಟೊ ಕಳಿಸಿದ. ನನ್ನ ನೌಕಾನುಭವವೆಂದರೆ ಮಡಿವಾಳ ಕೆರೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪೆಡಲ್ ತುಳಿದದ್ದು. ಆದರೆ ಅವನ ತಾತ, ಅಂದರೆ ನಮ್ಮಪ್ಪ, ಸಣ್ಣ ನೀರಾವರಿ ಇಲಾಖೆಯಲ್ಲಿ ಓವರ್ಸಿಯರ್ ಆಗಿದ್ದವರು. ಕೆರೆಯ ವಿಚಾರವೆಲ್ಲ ನಮ್ಮ ಮನೆತನಕ್ಕೆ ಗೊತ್ತೆಂದು ಹುಡುಗನ ನಂಬಿಕೆ.

ನೀರಿನ ಮೇಲೆ ಸ್ಕೀ ಆಡುವುದು ಶುರುವಾದದ್ದೂ ಅವನಿರುವ ರಾಜ್ಯದಲ್ಲೇ. ಮಿಸಿಸಿಪ್ಪಿ ನದಿ ಅಗಲವಾಗಿ ಹರಡಿಕೊಂಡ ಕಡೆ ಪೆಪಿನ್ ಸರೋವರ. ಅಲ್ಲಿ 1922ರ ಜುಲೈ 2ರಂದು ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹುಡುಗ, ಹತ್ತೊಂಬತ್ತು ತುಂಬಲು ಒಂದು ದಿನ ಇರುವಾಗ, ಅಣ್ಣ ಓಡಿಸುತ್ತಿದ್ದ ದೋಣಿಯ ಹಗ್ಗ ಹಿಡಿದು ನೀರಿನ ಮೇಲೆ ನಿಂತುಬಿಟ್ಟ. ಕಾಲಡಿಗೆ ಎಂಟಡಿ ಉದ್ದದ ಪೈನ್ ಹಲಗೆ. ಅದರ ತುದಿ ಬಗ್ಗಿಸಲು ಅಮ್ಮನ ತಾಮ್ರದ ಹಂಡೆಯಲ್ಲೇ ಹಲಗೆ ಕುದಿಸಿದ್ದನಂತೆ. ನಮ್ಮಮ್ಮನ ಸ್ನಾನದ ಹಂಡೆಗೆ ನಾನು ಹಲಗೆ ಇಳಿಬಿಟ್ಟಿದ್ದರೆ ಆ ಕ್ರೀಡೆ ಬಚ್ಚಲಮನೆಯಲ್ಲೇ ಮುಗಿಯುತ್ತಿತ್ತು.

ಆಟ ಬೆಳೆದ ಮೇಲೆ ಅದಕ್ಕೆಂದೇ ದೋಣಿಗಳು ಬಂದವು. ಎಂಜಿನ್ ಹಿಂಬದಿಯಲ್ಲಿ ನೇತಾಡುವ ಬದಲು ದೋಣಿಯ ನಡುಹೊಟ್ಟೆಯಲ್ಲಿ ಕೂತಿತು. ಹಗ್ಗ ಕಟ್ಟುವ ಕಂಬವೂ ಅಲ್ಲೇ. ಸ್ಕೀ ಆಡುವವನು ಅತ್ತಿತ್ತ ಎಳೆದರೂ ದೋಣಿ ಅಷ್ಟಾಗಿ ದಿಕ್ಕು ತಪ್ಪುವುದಿಲ್ಲ. ಎಂಜಿನ್‌ನಿಂದ ಹೊರಟ ಉಕ್ಕಿನ ದಂಡ ತಳದ ಮೂಲಕ ಓರೆಯಾಗಿ ಕೆಳಗಿಳಿದು, ಪ್ರೊಪೆಲ್ಲರು ದೋಣಿಯ ಅಡಿಯಲ್ಲೇ ತಿರುಗುತ್ತದೆ. ಅದರ ಹಿಂದೆ ಚುಕ್ಕಾಣಿ, ಮುಂದೆ ನೀರು ಸೀಳುವ ರೆಕ್ಕೆಗಳು. ಫೋಟೊದಲ್ಲಿ ಇದ್ಯಾವುದೂ ಕಾಣುವುದಿಲ್ಲ. ನಯವಾದ ಕೆಂಪು ಮೈ, ಹೊಳೆಯುವ ಗಾಜು, ಅಷ್ಟೇ. ಹಿಂದೆ ಎಂಜಿನ್ ತೂಗುಹಾಕಿದ ದೋಣಿಯಾದರೆ, ತಗ್ಗು ನೀರು ಬಂದಾಗ ಪಂಚೆ ಎತ್ತಿಕಟ್ಟಿದ ಹಾಗೆ ಎಂಜಿನ್ನನ್ನೇ ಮೇಲೆತ್ತಬಹುದು. ಇದರಲ್ಲಿ ಎತ್ತುವ ಹಾಗಿಲ್ಲ. ಸುಮಾರು ಎರಡಡಿ ನೀರು ಬೇಕೇ ಬೇಕು, ಅದೂ ನೀರು ನಿಶ್ಚಲವಾಗಿದ್ದಾಗ. ಬೇರೆ ದೋಣಿ ಎಬ್ಬಿಸಿದ ಅಲೆ ಬಂತೋ, ಅಲೆಯ ತಗ್ಗಿನಲ್ಲಿ ದೋಣಿ ಕುಸಿದು ಪ್ರೊಪೆಲ್ಲರು ನೆಲಕ್ಕೆ ಬಡಿಯುತ್ತದೆ. ಬಾಗಿದ ಪ್ರೊಪೆಲ್ಲರಿನ ರಿಪೇರಿ ಬಿಲ್ಲಿನ ಫೋಟೊವನ್ನೂ ಅವನು ಕಳಿಸಿದ್ದ. ಅದನ್ನು ಅಕ್ಕನಿಗೆ ತೋರಿಸಲಿಲ್ಲ.

ಆಮೇಲೆ ಅವನು ಕೇಳಿದ್ದೆಲ್ಲ ಹಗ್ಗ ಎಷ್ಟು ದಪ್ಪ, ಗಂಟು ಯಾವುದು ಎಂದು. ಅಪ್ಪನಾಗಿದ್ದರೆ ಹಗ್ಗ ಅತ್ತ ಇಟ್ಟು, ಆಳ ನೋಡಲು ಒಂದು ಬಿದಿರಿನ ಗಳ ತಾ ಅನ್ನುತ್ತಿದ್ದರು. ನಮ್ಮ ಸೀಮೆಯ ಕೆರೆಗಳನ್ನು ಕಟ್ಟಿದ್ದು ಗದ್ದೆಗೆ ನೀರು ಬಿಡಲು, ದೋಣಿ ಬಿಡಲಲ್ಲ. ಆಳವೆಲ್ಲ ಏರಿಯ ಮಗ್ಗುಲಲ್ಲಿ, ತೂಬಿನ ಹತ್ತಿರ. ಅಲ್ಲಿಂದ ಹಿಂದಕ್ಕೆ ಹೋದಷ್ಟೂ ನೀರು ತೆಳುವಾಗುತ್ತ, ಹೂಳು ಹೆಚ್ಚುತ್ತ, ಕೊನೆಗೆ ಜೊಂಡು. ಸಾರಕ್ಕಿ ಕೆರೆಯ ಸುತ್ತ ವಾಕಿಂಗ್ ಹೋಗುವವರು ಯಾರಾದರೂ ಇದನ್ನು ಕಣ್ಣಾರೆ ನೋಡಬಹುದು. ಇಂಥ ನೀರಿಗೆ ಹೇಳಿ ಮಾಡಿಸಿದ್ದು ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ದೊಮಿಂಗೊ ಪಾಯಿಸ್, ತುಂಗಭದ್ರೆಯಲ್ಲಿ ಬುಟ್ಟಿಯಂಥ ದುಂಡು ದೋಣಿಗಳು ಜನರನ್ನಷ್ಟೇ ಅಲ್ಲ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ ಎಂದು ಬರೆದಿಟ್ಟಿದ್ದಾನೆ. ಆಗ ಹೊರಮೈಗೆ ತೊಗಲು; ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಕೆಲಸ ಮುಗಿದ ಮೇಲೆ ಹರಿಗೋಲನ್ನು ಕಟ್ಟುವವರೇ ಇಲ್ಲ. ತಲೆಯ ಮೇಲೆ ಹೊತ್ತು ದಡಕ್ಕೆ ತಂದು ಬೋರಲು ಹಾಕಿದರೆ ಆಯಿತು.

ಸ್ಕೀ ದೋಣಿಯನ್ನು ಬೋರಲು ಹಾಕುವಂತಿಲ್ಲವಲ್ಲ. ಗಳ ನೆಟ್ಟು ಆಳ ನೋಡು, ಬೇಸಗೆಯ ಕೊನೆಯಲ್ಲಿ ನೀರು ಇಳಿದಾಗಿನ ಲೆಕ್ಕ ಹಿಡಿ, ಅದರ ಮೇಲೆ ಅಲೆಗೆಂದು ಒಂದಡಿ ಸೇರಿಸು ಎಂದೆ. ತಳಕ್ಕೆ ಭಾರ ಇಳಿಸಿ, ಸರಪಳಿಯ ಮೇಲ್ತುದಿಗೆ ತೇಲುಬುರುಡೆ ಸಿಕ್ಕಿಸಿ, ದೋಣಿಯ ಮೂತಿಯನ್ನು ಅದಕ್ಕೆ ಕಟ್ಟುವುದು ಅಲ್ಲಿನ ರೂಢಿ. ಗಾಳಿ ತಿರುಗಿದಂತೆ ದೋಣಿಯೂ ಗೂಟಕ್ಕೆ ಕಟ್ಟಿದ ಹಸುವಿನಂತೆ ಸುತ್ತ ತಿರುಗುತ್ತದೆ. ಆ ಇಡೀ ಸುತ್ತಿನಲ್ಲೂ ಆಳ ಸಾಲಬೇಕು. ತಗ್ಗು ನೀರಿನಲ್ಲಾದರೆ ದೋಣಿ ತನ್ನನ್ನು ಹಿಡಿದಿಟ್ಟ ಆ ಭಾರದ ಮೇಲೆಯೇ ಕೂತರೂ ಕೂತೀತು.

ಕೊನೆಗೆ ಬುರುಡೆಯನ್ನು ಎದೆಮಟ್ಟದ ನೀರಿಗೆ ಒಯ್ದ. ಈಗ ದೋಣಿ ಹತ್ತಬೇಕಾದರೆ ಚಡ್ಡಿ ಒದ್ದೆಯಾಗಲೇಬೇಕು. ಬನಶಂಕರಿಯ ಮನೆಯಲ್ಲಿ ಅಕ್ಕನಿಗೆ ಇದನ್ನೆಲ್ಲ ವಿವರಿಸುತ್ತಿದ್ದಾಗ, ಅಕ್ಟೋಬರ್ ಬಂದರೆ ಹಿಮಕ್ಕೆ ಮೊದಲೇ ದೋಣಿಯನ್ನು ನೀರಿನಿಂದ ಎತ್ತಿ, ಮುಂದಿನ ಬೇಸಗೆಯವರೆಗೆ ಶೆಡ್ಡಿನಲ್ಲಿಡಬೇಕು ಎಂಬುದೂ ಬಾಯಿಗೆ ಬಂತು.

"ಹಂಗಾದ್ರೆ ವರ್ಷದಲ್ಲಿ ಮುಕ್ಕಾಲುಪಾಲು ಅದು ಒಳಗೇ ಇರತ್ತೆ," ಎಂದಳು ಅಕ್ಕ. "ಅದನ್ನ ಕಟ್ಟೋದಕ್ಕೆ ನೀವಿಬ್ರೂ ಇಷ್ಟು ದಿನ ಫೋನಲ್ಲಿ ಕೂತಿದ್ರಾ?"